ಹಳೆಯ ಕಾರಿನ ಪವರ್ ಸ್ಟೀರಿಂಗ್: ಸೋರುವ ಹೋಸ್ ಗುರುತಿಸಿ ಬದಲಿಸುವ ಬಗೆ

ಹಳೆಯ ಕಾರಿನ ಸ್ಟೀರಿಂಗ್ ಬಿಗಿಯಾದರೆ, ಅಥವಾ ತಿರುಗಿಸುವಾಗ ಬಾನೆಟ್ ಒಳಗಿನಿಂದ ನರಳಿದಂಥ ಸದ್ದು ಬಂದರೆ, ‘ಪಂಪ್ ಹೋಗಿದೆ’ ಎಂಬ ತೀರ್ಪು ಬಲು ಬೇಗ ಬಂದುಬಿಡುತ್ತದೆ. ಪಂಪ್ ಕೆಟ್ಟಿರಲೂಬಹುದು; ಆದರೆ ಬಿರುಕು ಬಿಟ್ಟ ಹೋಸ್, ಸಡಿಲವಾದ ಬೆಲ್ಟ್ ಅಥವಾ ಗಟ್ಟಿಯಾದ ಒಂದು ರಬ್ಬರ್ ಉಂಗುರವೂ ಇದೇ ಲಕ್ಷಣಗಳನ್ನು ತೋರಿಸುವುದರಿಂದ, ಕಾರಣ ಕಣ್ಣಿಗೆ ಕಾಣುವವರೆಗೆ ಪಂಪಿಗೆ ದುಡ್ಡು ಸುರಿಯಬಾರದು. ಇಲ್ಲಿ ಹೇಳುವುದೆಲ್ಲ, ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪ್ ಒದಗಿಸುವ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಸ್ಟೀರಿಂಗಿಗೆ ಮಾತ್ರ ಅನ್ವಯಿಸುತ್ತದೆ. ಬಾನೆಟ್ ಕೆಳಗೆ ಸ್ಟೀರಿಂಗ್ ಆಯಿಲಿನ ಡಬ್ಬಿಯೇ ಇಲ್ಲದಿದ್ದರೆ ಅದು ಬಹುತೇಕ ವಿದ್ಯುತ್ ಮೋಟಾರಿನ ಸ್ಟೀರಿಂಗ್ ಆಗಿರುತ್ತದೆ. ಅದರ ದುರಸ್ತಿಯ ದಾರಿಯೇ ಬೇರೆ.

ಮೊದಲು ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಡಬ್ಬಿಯಲ್ಲಿನ ಆಯಿಲ್ ಮಟ್ಟವನ್ನೂ ಬೆಲ್ಟನ್ನೂ ನೋಡಬೇಕು. ಬೆಲ್ಟಿನ ಒಳಮೈ ಗಾಜಿನಂತೆ ಹೊಳೆಯುತ್ತಿದ್ದು, ಆಮೇಲೆ ಎಂಜಿನ್ ಚಾಲೂ ಮಾಡಿ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಕಿರ್ರೆಂದು ಅರಚುತ್ತಿದ್ದರೆ ದೋಷ ಅಲ್ಲಿಯೇ ಇರುವ ಸಂಭವ ಹೆಚ್ಚು. ಸ್ಟೀರಿಂಗ್ ಒಂದೇ ಬದಿಗೆ ಬಿಗಿಯಾಗಿ ಇನ್ನೊಂದು ಬದಿಗೆ ಹಗುರವಾಗಿದ್ದರೆ, ಮುಂದಿನ ಚಕ್ರಗಳನ್ನು ಎಡಬಲಕ್ಕೆ ಹೊರಳಿಸುವ ಸ್ಟೀರಿಂಗ್ ರ‍್ಯಾಕಿನ ಕವಾಟವನ್ನು ಶಂಕಿಸಬೇಕು. ರ‍್ಯಾಕಿನ ತುದಿಯ ರಬ್ಬರ್ ಬೂಟನ್ನು ಒತ್ತಿದಾಗ ಒಳಗೆ ಆಯಿಲ್ ತುಂಬಿರುವುದು ತಿಳಿದರೆ ಅದರ ಸೀಲ್ ಸೋರಿದೆ ಎಂದರ್ಥ. ಆ ಕೆಲಸವನ್ನು ಮನೆಯಂಗಳದಲ್ಲಿ ಮಾಡಲು ಹೋಗದಿರುವುದೇ ಒಳಿತು.

ಡಬ್ಬಿಯ ಆಯಿಲ್ ನೊರೆಗಟ್ಟಿ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ವ್ಯವಸ್ಥೆಯೊಳಗೆ ಗಾಳಿ ಸೇರುತ್ತಿದೆ. ಡಬ್ಬಿಯಿಂದ ಪಂಪಿಗೆ ಹೋಗುವ ದಪ್ಪ ಹೋಸಿನಲ್ಲಿ ಇರುವುದು ಎಳೆತ, ಒತ್ತಡವಲ್ಲ. ಆದ್ದರಿಂದ ಅಲ್ಲಿ ಬಿರುಕಿದ್ದರೆ ಆಯಿಲ್ ಹೆಚ್ಚು ಹೊರಬರುವುದಿಲ್ಲ, ಬದಲಿಗೆ ಗಾಳಿ ಒಳಹೋಗುತ್ತದೆ. ನೆಲದ ಮೇಲೆ ಹನಿ ಬಿದ್ದಿಲ್ಲವೆಂದು ಹೋಸ್ ಚೆನ್ನಾಗಿದೆ ಎಂದು ನಂಬಿ ಮೋಸಹೋಗುವುದು ಇಲ್ಲಿಯೇ. ಇದಕ್ಕೆ ವಿರುದ್ಧವಾಗಿ, ಪಂಪಿನಿಂದ ರ‍್ಯಾಕಿಗೆ ಹೋಗುವ ಹೋಸಿನಲ್ಲಿ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ, ಒತ್ತಡ 70 ಬಾರ್ ದಾಟುವುದುಂಟು. ಟೈರಿನ ಗಾಳಿಯ ಒತ್ತಡ ಸುಮಾರು 2 ಬಾರ್ ಮಾತ್ರ. ಈ ಹೋಸ್ ಸಾಮಾನ್ಯವಾಗಿ ರಬ್ಬರ್ ಭಾಗವು ಲೋಹದ ನಳಿಕೆಯನ್ನು ಸೇರುವ ಜಾಗದಲ್ಲಿ ಒಸರತೊಡಗುತ್ತದೆ. ಎಲ್ಲವನ್ನೂ ಒರೆಸಿ ಒಣಗಿಸಿ, ಒಬ್ಬರು ಎಂಜಿನ್ ಚಾಲೂ ಇಟ್ಟು ಸ್ಟೀರಿಂಗ್ ತಿರುಗಿಸುತ್ತಿರುವಾಗ ಇನ್ನೊಬ್ಬರು ಟಾರ್ಚ್ ಹಿಡಿದು ನೋಡಿದರೆ ಜಾಗ ಗೊತ್ತಾಗುತ್ತದೆ. ಸೋರಿಕೆಯನ್ನು ಬರಿಗೈಯಿಂದ ತಡವಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು. ಬಿಸಿ ಸೈಲೆನ್ಸರ್ ನಳಿಕೆಯ ಮೇಲೆ ಬಿದ್ದ ಈ ಆಯಿಲಿಗೆ ಬೆಂಕಿ ಹತ್ತಬಲ್ಲದು ಎಂಬುದೂ ನೆನಪಿರಲಿ.

ಒತ್ತಡದ ಹೋಸಿನ ಜಾಗಕ್ಕೆ ಸಾಮಾನ್ಯ ರಬ್ಬರ್ ಹೋಸ್ ಹಾಕಿ ಕ್ಲಿಪ್ ಬಿಗಿಯುವುದು ಅಪಾಯಕಾರಿ. ಹಳೆಯ ಮಾದರಿಗಳಿಗೆ ಹೊಸ ಹೋಸ್ ಸಿಗದಿದ್ದರೆ, ಹಳೆಯದನ್ನು ಬಿಚ್ಚಿ ತೆಗೆದುಕೊಂಡು ಹೋಗಿ, ಹೈಡ್ರಾಲಿಕ್ ಹೋಸ್ ಮಾಡಿಕೊಡುವ ಅಂಗಡಿಯಲ್ಲಿ ಅದೇ ಉದ್ದದ, ಅದೇ ತುದಿಗಳಿರುವ ಹೋಸನ್ನು ಒತ್ತಡಕ್ಕೆ ತಕ್ಕಂತೆ ಮಾಡಿಸಿಕೊಳ್ಳಬಹುದು. ಬೆಂಗಳೂರಿನವರು ಬಿಡಿಭಾಗಗಳನ್ನು ಜೆ.ಸಿ. ರಸ್ತೆಯಲ್ಲಿ ಒಮ್ಮೆ ವಿಚಾರಿಸಬಹುದು.

ಬದಲಿಸುವಾಗ ಹಿಂದಿನ ಚಕ್ರಗಳಿಗೆ ತಡೆ ಇಟ್ಟು, ಮುಂಭಾಗವನ್ನು ಜ್ಯಾಕಿನಿಂದ ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಬರೀ ಜ್ಯಾಕನ್ನು ನಂಬಿ ಕಾರಿನ ಕೆಳಗೆ ಹೋಗಕೂಡದು. ಡಬ್ಬಿಯ ಆಯಿಲನ್ನು ದೊಡ್ಡ ಸಿರಿಂಜಿನಿಂದ ತೆಗೆದು, ಕೆಳಗೆ ತಟ್ಟೆ ಇಟ್ಟು ಹೋಸಿನ ಎರಡು ತುದಿಗಳನ್ನು ಬಿಚ್ಚಬೇಕು. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ದ್ರವ ಸಿಂಪಡಿಸಿದ್ದರೆ ಕೆಲಸ ಅರ್ಧ ಮುಗಿದಂತೆ. ಪಂಪಿನ ತುದಿಯಲ್ಲಿ ಬ್ಯಾಂಜೋ ಬೋಲ್ಟ್ (ಆಯಿಲ್ ಹರಿಯಲು ಒಳಗೆ ತೂತಿರುವ ಬೋಲ್ಟ್) ಇದ್ದರೆ ಅದರ ಎರಡು ವಾಷರುಗಳನ್ನೂ ಹೊಸದಾಗಿ ಹಾಕಬೇಕು. ಒಮ್ಮೆ ಒತ್ತಿ ಚಪ್ಪಟೆಯಾದ ವಾಷರ್ ಮತ್ತೆ ಸರಿಯಾಗಿ ಕೂರುವುದಿಲ್ಲ. ಹೊಸ ಹೋಸ್ ತಿರುಚಿಕೊಳ್ಳದಂತೆ, ಬೆಲ್ಟಿಗಾಗಲಿ ಸೈಲೆನ್ಸರ್ ನಳಿಕೆಗಾಗಲಿ ತಾಗದಂತೆ, ಹಳೆಯ ಹಿಡಿಕೆಗಳಲ್ಲೇ ಕೂರಿಸಿ, ಎರಡು ತುದಿಗಳನ್ನೂ ಮೊದಲು ಕೈಯಿಂದ ತಿರುಗಿಸಿ ಆಮೇಲೆ ಬಿಗಿಯಬೇಕು.

ಆಯಿಲ್ ಯಾವುದು ಎಂಬುದನ್ನು ಡಬ್ಬಿಯ ಮುಚ್ಚಳ ಅಥವಾ ಕೈಪಿಡಿ ನೋಡಿಯೇ ತೀರ್ಮಾನಿಸಬೇಕು. ಅನೇಕ ಹಳೆಯ ಕಾರುಗಳು ಕೆಂಪು ಬಣ್ಣದ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಬಳಸುತ್ತವೆ. ಹೋಂಡಾದ ಹೈಡ್ರಾಲಿಕ್ ಸ್ಟೀರಿಂಗುಗಳಿಗಾದರೋ ಹೋಂಡಾದ್ದೇ ಸ್ಟೀರಿಂಗ್ ಆಯಿಲ್ ಬೇಕು, ಎಟಿಎಫ್ ಹಾಕಿದರೆ ಸೀಲುಗಳು ಹಾಳಾಗುತ್ತವೆ.

ಗಾಳಿ ತೆಗೆಯುವಾಗ ಅವಸರ ಬೇಡ. ಚಕ್ರಗಳು ಮೇಲಿರುವಾಗಲೇ, ಎಂಜಿನ್ ಚಾಲೂ ಮಾಡದೆ, ಸ್ಟೀರಿಂಗನ್ನು ಎಡದಿಂದ ಬಲಕ್ಕೆ ನಿಧಾನವಾಗಿ 15–20 ಬಾರಿ ತಿರುಗಿಸುತ್ತ, ಡಬ್ಬಿಯ ಮಟ್ಟ ಇಳಿದಂತೆಲ್ಲ ಆಯಿಲ್ ತುಂಬುತ್ತಿರಬೇಕು. ಗುಳ್ಳೆಗಳು ನಿಂತ ಮೇಲೆ ಎಂಜಿನ್ ಚಾಲೂ ಮಾಡಿ ಇನ್ನೂ ಕೆಲವು ಸಲ ತಿರುಗಿಸಬೇಕು; ಆದರೆ ಕೊನೆಯ ತುದಿಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿಯಬಾರದು. ನೊರೆ ಕಂಡರೆ ಎಂಜಿನ್ ನಿಲ್ಲಿಸಿ ಒಂದು ಗಂಟೆ ಬಿಟ್ಟು ಮತ್ತೆ ಮಾಡಿ. ಆಯಿಲ್ ಇಲ್ಲದೆ ಪಂಪ್ ಓಡಿಸಿದರೆ, ಚೆನ್ನಾಗಿದ್ದ ಪಂಪೂ ನಿಜಕ್ಕೂ ಹೋಗುತ್ತದೆ. ಮರುದಿನ ಬೆಳಿಗ್ಗೆ ಎರಡು ತುದಿಗಳಿಗೂ ಬಿಳಿ ಕಾಗದ ಒತ್ತಿ ನೋಡಿ. ಕಲೆ ಬಿದ್ದರೆ ಎಂಜಿನ್ ತಣ್ಣಗಿರುವಾಗ ಆ ತುದಿಯನ್ನು ಮತ್ತೊಮ್ಮೆ ಬಿಗಿಯಬೇಕು, ಆಗಲೂ ನಿಲ್ಲದಿದ್ದರೆ ಬಿಚ್ಚಿ ವಾಷರ್ ಕೂತ ಬಗೆಯನ್ನು ಪರೀಕ್ಷಿಸಬೇಕು.