ತೊಡೆಯ ಮೇಲಿನ ಕೌದಿ

ನಮ್ಮ ಧಾರವಾಡದ ಕಡೆ ಹಳೆ ನೂಲಿನ ಸೀರೆ ಬಿಸಾಡುವ ರೂಢಿ ಇಲ್ಲ. ಒಗೆದು ಒಗೆದು ಮೆತ್ತಗಾದ ಸೀರೆ, ಧೋತರ, ಹರಿದ ಚಾದರ ಎಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದರೆ, ಬೇಸಿಗೆಯಲ್ಲಿ ಅದೇ ಗಂಟು ಕೌದಿ, ಅಂದರೆ ಪದರ ಪದರ ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆ, ಆಗುತ್ತದೆ. ನಾನು ಈ ಹೊಲಿಗೆ ಕಲಿತದ್ದು ನಮ್ಮ ಮಾವಶಿಯ (ತಾಯಿಯ ಸೋದರಿಯ) ಹತ್ತಿರ. ವೃದ್ಧಾಶ್ರಮಕ್ಕೆ ಕೊಡಲೆಂದು ಚಿಕ್ಕ ಕೌದಿಗಳನ್ನು ಹೊಲಿಯತೊಡಗಿದ್ದು ಮಾತ್ರ ನೌಕರಿಯಿಂದ ನಿವೃತ್ತಳಾದ ಮೇಲೆ. ಕುರ್ಚಿಯಲ್ಲೋ ಗಾಲಿಕುರ್ಚಿಯಲ್ಲೋ ಕೂತವರು ತೊಡೆ, ಮೊಣಕಾಲಿನ ಮೇಲೆ ಹಾಕಿಕೊಳ್ಳುವಂಥವು.

ಆಶ್ರಮಗಳಿಗೆ ಹೊದಿಕೆ ಕೊಡುವವರಿಗೇನೂ ಕೊರತೆ ಇಲ್ಲ. ಡಿಸೆಂಬರ್ ಬಂತೆಂದರೆ ಪ್ಲಾಸ್ಟಿಕ್ ಚೀಲದ ಸಮೇತ ಬ್ಲಾಂಕೆಟ್ಟುಗಳು ಬಂದು ಬೀಳುತ್ತವೆ. ರಾತ್ರಿ ಮಂಚಕ್ಕೆ ಅವು ಸರಿ. ಆದರೆ ಹಗಲೆಲ್ಲ ಕೂತೇ ಇರುವವರಿಗೆ ಅವು ಉದ್ದ ಹೆಚ್ಚು. ನೆಲಕ್ಕೆ ಜೋತು ಬಿದ್ದು ಗಾಲಿಗೆ ಸಿಕ್ಕಿಕೊಳ್ಳುತ್ತವೆ, ಎದ್ದು ನಿಲ್ಲುವಾಗ ಕಾಲಿಗೆ ತೊಡರುತ್ತವೆ. ಶಹಾಬಾದ್ ಕಲ್ಲಿನ ನೆಲ, ಬೆಳಗಿನ ಥಂಡಿ, ಮೊಣಕಾಲು ನೋವು ಮೂರೂ ಸೇರಿದವರಿಗೆ ಬೇಕಾದದ್ದು ಬೇರೆಯದೇ ವಸ್ತು.

ಏನು ಬೇಕೆಂದು ನಾನು ಮೊದಲು ಕೇಳಿದ್ದು ಅಜ್ಜ-ಅಜ್ಜಿಯರನ್ನಲ್ಲ, ಅಲ್ಲಿ ಬಟ್ಟೆ ಒಗೆಯುವಾಕೆಯನ್ನು. ಮನೆಯ ಕೌದಿ ಅಂದರೆ ಆರೆಂಟು ಪದರ. ಆಕೆ ಅದನ್ನು ಎತ್ತಿ ನೋಡಿ, “ಅಕ್ಕಾರ, ಇಷ್ಟ್ ಭಾರ ಮಾಡಬ್ಯಾಡ್ರಿ. ಇದು ನೀರು ಕುಡದ್ರ ಎತ್ತಾಕ ಇಬ್ಬರು ಬೇಕು. ಮಳಿಗಾಲದಾಗ ನಾಕ್ ದಿನಾ ಆದ್ರೂ ಒಣಗೂದಿಲ್ಲ” ಅಂದಳು. ಒಣಗದ ಕೌದಿ ವಾಸನೆ ಹಿಡಿಯುತ್ತದೆ, ವಾಸನೆ ಹಿಡಿದದ್ದು ಮೂಲೆ ಸೇರುತ್ತದೆ. ಹಾಗಾಗಿ ಮೇಲೊಂದು, ಕೆಳಗೊಂದು, ನಡುವೆ ಒಂದು, ಹೆಚ್ಚೆಂದರೆ ಎರಡು ಪದರ. ಅಷ್ಟೇ.

ಅಳತೆಗೆ ಸೀರೆಯೇ ದಾರಿ ತೋರಿಸುತ್ತದೆ. ಸೀರೆಯ ಪನ್ನ, ಅಂದರೆ ಅಗಲ, ಸುಮಾರು 45 ಇಂಚು. ಉದ್ದಕ್ಕೆ ಒಂದು ಗಜ, ಅಂದರೆ 36 ಇಂಚು ಕತ್ತರಿಸಿದರೆ ತೊಡೆಯ ಕೌದಿಗೆ ಒಂದು ಪದರ ಸಿಕ್ಕಂತೆ. ಸೆರಗು ಬಿಟ್ಟರೂ ಆರು ಗಜದ ಸೀರೆಯಲ್ಲಿ ಒಂದು ಕೌದಿಗೆ ಆಗಿ ಮಿಗುತ್ತದೆ. ಗಾಲಿಕುರ್ಚಿಯವರಿಗೆ ಇದೂ ಅಗಲವೇ. ದೊಡ್ಡವರ ಸಾಮಾನ್ಯ ಗಾಲಿಕುರ್ಚಿಯ ಆಸನ 18 ಇಂಚು ಅಗಲ ಇರುತ್ತದೆ. ಎರಡೂ ಬದಿ ಕೈಹಿಡಿಯ ಒಳಗೆ ಸಿಕ್ಕಿಸಲು ಆರಾರು ಇಂಚು ಹಿಡಿದರೆ 30 ಸಾಕು. ಉದ್ದ 40. ಮೀನಖಂಡದ ತನಕ ಬರಬೇಕು, ಪಾದ ಮುಚ್ಚಬಾರದು.

ಬಟ್ಟೆ ಆರಿಸುವ ವಿಷಯದಲ್ಲಿ ನಾನು ಹಟಮಾರಿ. ನೆರೆಹೊರೆಯವರು ಪ್ರೀತಿಯಿಂದ ತಂದುಕೊಡುವ ಗಂಟಿನಲ್ಲಿ ಅರ್ಧ ಪಾಲಿಯೆಸ್ಟರ್ ಸೀರೆಗಳೇ. ಅವು ಬೆವರು ಹೀರುವುದಿಲ್ಲ, ಮೇಲಾಗಿ ತೊಡೆಯ ಮೇಲೆ ನಿಲ್ಲದೆ ಜಾರುತ್ತವೆ. ಕೈ ನಡುಗುವವರು ಮತ್ತೆ ಮತ್ತೆ ಬಗ್ಗಿ ಎತ್ತಿಕೊಳ್ಳುತ್ತ ಕೂರಬೇಕೇ? ಸಂಶಯ ಬಂದರೆ ಅಂಚಿನಿಂದ ಒಂದೆರಡು ಎಳೆ ಕಿತ್ತು ಕಡ್ಡಿ ಗೀರಿ ಸುಡುತ್ತೇನೆ. ನೂಲಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕೆಳಪದರಕ್ಕೆ ಹಳೆ ಧೋತರ, ಲುಂಗಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಅವು ಜಾರುವುದಿಲ್ಲ.

ಇಳಕಲ್ ಸೀರೆ ಬಂದರೆ ನನಗೆ ಹಬ್ಬ. ಆದರೂ ಕತ್ತರಿ ಹಾಕುವ ಮೊದಲು ನೋಡಿಕೊಳ್ಳಬೇಕು. ಒಡಲು ನೂಲಿನದಾದರೂ ಸೆರಗು ಸಾಮಾನ್ಯವಾಗಿ ರೇಷ್ಮೆಯದು, ಕೊಂಡಿ ಹಾಕಿ ಜೋಡಿಸಿದ್ದು. ಎರಡನ್ನೂ ಸೇರಿಸಿ ಹೊಲಿದರೆ ಬಿಸಿನೀರಲ್ಲಿ ಒಂದೊಂದು ಒಂದೊಂದು ಥರ ಕುಗ್ಗಿ ಕೌದಿ ಸೊಟ್ಟಗಾಗುತ್ತದೆ. ಕೆಂಪು ಬಣ್ಣದ ಕಾಟ ಬೇರೆ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂದು ಎಲ್ಲರೂ ಹೇಳುತ್ತಾರೆ, ನನಗೆ ಅದರಲ್ಲಿ ನಂಬಿಕೆ ಇಲ್ಲ. ತೊಳೆದ ನೀರು ತಿಳಿಯಾಗುವ ತನಕ ತೊಳೆಯುವುದೊಂದೇ ಉಪಾಯ. ಅಲ್ಲಿ ಒಗೆಯುವುದು ಬಿಸಿನೀರಲ್ಲೇ ಆದ್ದರಿಂದ, ಕುಗ್ಗುವುದೆಲ್ಲ ನಮ್ಮ ಮನೆಯಲ್ಲೇ ಕುಗ್ಗಲಿ ಎಂದು ಪ್ರತಿ ಬಟ್ಟೆಯನ್ನೂ ಬಿಸಿನೀರು ಕಾಣಿಸಿಯೇ ಕತ್ತರಿಸುತ್ತೇನೆ.

ಹೊಲಿಗೆ ನಮ್ಮ ಹಳೆಯ ಪದ್ಧತಿಯದೇ. ಪದರಗಳನ್ನು ಚಾಪೆಯ ಮೇಲೆ ಹಾಸಿ, ಸುಕ್ಕು ತೆಗೆದು, ದೊಡ್ಡ ದೊಡ್ಡ ಕಚ್ಚಾ ಟಾಕು ಹಾಕಿ, ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ. ಬದಲಾಯಿಸಿದ್ದು ಗಂಟನ್ನು ಮಾತ್ರ. ವಯಸ್ಸಾದವರ ಚರ್ಮ ತೆಳು. ಕೆಳಗಿನ ಗಂಟು ಇಡೀ ದಿನ ತೊಡೆಗೆ ಒತ್ತಿದರೆ ಗುರುತು ಬೀಳುತ್ತದೆ. ಸೂಜಿಯನ್ನು ಮೇಲಿನ ಪದರದಿಂದ ಇಳಿಸಿ ದಾರ ಸ್ವಲ್ಪ ಜಗ್ಗಿದರೆ ಗಂಟು ‘ಟಪ್’ ಎಂದು ಒಳಗೆ ಹೋಗಿ ಕೂರುತ್ತದೆ. ಮರೆವಿನ ಕಾಯಿಲೆಯವರು ಬೆರಳಿಗೆ ಸಿಕ್ಕಿದ್ದನ್ನೆಲ್ಲ ಕೀಳುತ್ತ ಕೂರುತ್ತಾರೆ, ಬಾಯಿಗೂ ಹಾಕಿಕೊಳ್ಳುತ್ತಾರೆ. ಅದಕ್ಕೇ ಗುಂಡಿ, ಮಣಿ, ಕನ್ನಡಿ, ಗೊಂಡೆ ಯಾವುದೂ ಬೇಡ. ಚೆಂದಕ್ಕೆ ಬಣ್ಣ ಇದೆಯಲ್ಲ. ಮೂಲೆಗೊಂದು ಗುಳೇದಗುಡ್ಡ ಖಣದ (ಕುಪ್ಪಸದ ಬಟ್ಟೆಯ) ತುಂಡು ಹಾಕುವ ಆಸೆ ನನಗೂ ಇದೆ, ರೇಷ್ಮೆ ಬೆರೆತದ್ದೆಂದು ಕೈ ಹಿಂದೆ ತೆಗೆಯುತ್ತೇನೆ.

ಕೊನೆಯ ಸುತ್ತು ಮುಗಿಯುವ ಮುನ್ನ ಕೌದಿಯ ಹೊಟ್ಟೆ ತುಂಬಿಸಬೇಕು. ರೊಟ್ಟಿಯ ಚೂರೋ ಹೋಳಿಗೆಯ ಚೂರೋ ಒಳಗಿಟ್ಟು ಹೊಲಿಯುವ ಪದ್ಧತಿ ನಮ್ಮಲ್ಲಿದೆ. ಆಶ್ರಮದ ಕಪಾಟಿನಲ್ಲಿ ಇರುವೆ, ಇಲಿಗಳ ಭಯ ಇದೆ, ಇದೊಂದು ಬೇಡ ಎಂದೆ. ಮಾವಶಿ ಒಪ್ಪಲಿಲ್ಲ. “ಅಲ್ಲವಾ, ವಯಸ್ಸಾದವರಿಗೆ ಕೊಡೂದು, ಹಸದ ಕೌದಿ ಕೊಡ್ತೀಯೇನ?” ಅಂದಳು. ಕೊನೆಗೆ ಎರಡು ಅಕ್ಕಿ ಕಾಳಿಗೆ ರಾಜಿಯಾಯಿತು.

ಕೊಡುವ ವಿಷಯ. ಮೊದಲು ಫೋನ್ ಮಾಡಿ ಎಷ್ಟು ಜನ, ಅವರಲ್ಲಿ ಗಾಲಿಕುರ್ಚಿಯವರೆಷ್ಟು ಎಂದು ಕೇಳಿಕೊಳ್ಳುತ್ತೇನೆ. ಎಲ್ಲರಿಗೂ ಆಗುವಷ್ಟು ಹೊಲಿಯುವ ತನಕ ಒಯ್ಯುವುದಿಲ್ಲ, ಒಬ್ಬರಿಗೆ ಸಿಕ್ಕು ಪಕ್ಕದವರಿಗೆ ಸಿಗದಿದ್ದರೆ ಅದಕ್ಕಿಂತ ಕೊಡದಿರುವುದೇ ಮೇಲು. ಮೇಜಿನ ಮೇಲೆ ಹರವಿ ಅವರಿಗೇ ಆರಿಸಲು ಬಿಡುತ್ತೇನೆ. ಒಬ್ಬ ಅಜ್ಜಿ ಎಲ್ಲವನ್ನೂ ಮುಟ್ಟಿ ನೋಡಿ, ಅಂಚು ತಿರುಗಿಸಿ, “ಇದು ಗೋಮಿ ದಡಿ, ನಮ್ಮವ್ವ ಉಡತಿದ್ಲು” ಎಂದು ಇಳಕಲ್ ಅಂಚಿನ ಆ ಕೌದಿಯನ್ನೇ ಎತ್ತಿಕೊಂಡರು. ಆರಿಸಿದ ಮೇಲೆ ಮೂಲೆಯಲ್ಲಿ ಅವರ ಹೆಸರು ಹೊಲಿಯುತ್ತೇನೆ, ಇಲ್ಲದಿದ್ದರೆ ಮೊದಲ ಒಗೆತದಲ್ಲೇ ಅದಲುಬದಲು. ಬ್ಯಾನರ್ ಕಟ್ಟಿ, ಅಜ್ಜಂದಿರನ್ನು ಸಾಲಾಗಿ ಕೂರಿಸಿ ಫೋಟೊ ತೆಗೆಸುವುದು ನನಗೆ ಆಗದ ಮಾತು. ಒಂದು ಕಡೆ ಅದೇ ಶರತ್ತು ಹಾಕಿದರು, ಅಲ್ಲಿಗೆ ಮತ್ತೆ ಹೋಗಲಿಲ್ಲ.

ಈಗ ಹೊಲಿಯುವವಕ್ಕೆಲ್ಲ ಬಲಗಡೆ ಒಂದು ಜೇಬು ಇರುತ್ತದೆ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕಿ ಸಾಕಾದ ಒಬ್ಬ ಅಜ್ಜ ಕೇಳಿದ್ದರು, ಆಮೇಲೆ ಎಲ್ಲರಿಗೂ ಬೇಕಾಯಿತು. ಜೇಬಿನ ಬಾಯಿಗೆ ಎದ್ದು ಕಾಣುವ ಬಿಳಿ ದಾರದ ಹೊಲಿಗೆ ಹಾಕಬೇಕೆಂದು ಒಗೆಯುವಾಕೆಯ ಅಪ್ಪಣೆ. ಯಾರದೋ ಜೇಬಿನಲ್ಲಿದ್ದ ಎಲೆ-ಅಡಿಕೆ ಒಂದಿಡೀ ಬಕೀಟು ಬಟ್ಟೆಯನ್ನು ಕೆಂಪು ಮಾಡಿತ್ತಂತೆ.