ಬಿರುಬೇಸಿಗೆಯಲ್ಲಿ ಕರ್ವ್ ಉಳಿಸಿಕೊಂಡ ಬಗೆ

ಏಪ್ರಿಲ್ ಬಂತೆಂದರೆ ಚೆಂಡೆಸೆಯುವ ಪಿಚರ್‌ಗಳ ಕರ್ವ್, ಅಂದರೆ ಗಾಳಿಯಲ್ಲಿ ಬಾಗಿ ತಿರುಗುವ ಎಸೆತ, ಕೈಕೊಡುತ್ತದೆ ಎಂಬುದು ಕಲಬುರಗಿಯಲ್ಲಿ ಬೇಸ್‌ಬಾಲ್ ಕಲಿಸುವ ನಮಗೆಲ್ಲ ಗೊತ್ತು. ಬಿಸಿಲಿಗೆ ಹುಡುಗರು ದಣಿಯುತ್ತಾರೆ, ಅದಕ್ಕೆ ಮದ್ದಿಲ್ಲ ಎಂದೇ ಜೊತೆಯ ದೈಹಿಕ ಶಿಕ್ಷಕರು ವಾದಿಸುತ್ತಿದ್ದರು. ದೋಷವಿರುವುದು ಚೆಂಡಿನ ಚರ್ಮದಲ್ಲಿ ಎಂಬ ನನ್ನ ಮಾತನ್ನು ಅವರು ಒಪ್ಪಿದ್ದು ಕಳೆದ ಬೇಸಿಗೆಯಲ್ಲಿ, ಎಸೆತ ಹಿಡಿಯುವ ಕ್ಯಾಚರ್ ಹಿಂದೆ ತಾವೇ ನಿಂತು ನೋಡಿದ ಮೇಲೆ.

ಚೆಂಡನ್ನು ಬಾಗಿಸುವ ಗಾಳಿ ಸೆಕೆಗೆ ತೆಳುವಾಗುವುದರಿಂದ ಅದರ ಪಾಲೂ ಇದೆ, ಆದರೆ ಚಿಕ್ಕದು. ಜನವರಿ ಮುಂಜಾನೆಯ 16 ಡಿಗ್ರಿಗೆ ಹೋಲಿಸಿದರೆ ಮೇ ಮಧ್ಯಾಹ್ನದ 42 ಡಿಗ್ರಿಯಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ 8ರಷ್ಟು ಕಡಿಮೆ. ಒಂದು ಅಡಿ ತಿರುಗುವ ಕರ್ವ್ ಇದರಿಂದ ಕಳೆದುಕೊಳ್ಳುವುದು ಒಂದು ಅಂಗುಲ ಮಾತ್ರ. ನಮ್ಮ ಹುಡುಗರು ಕಳೆದುಕೊಳ್ಳುತ್ತಿದ್ದುದು ನಾಲ್ಕೈದು ಅಂಗುಲ. ಮೊಬೈಲಿನಲ್ಲಿ ಚಿತ್ರೀಕರಿಸಿ ನಿಧಾನವಾಗಿ ನೋಡಿದಾಗ, ಚೆಂಡು ಕೈಬಿಡುವ ಗಳಿಗೆಯಲ್ಲಿ ನಡುಬೆರಳು ಹೊಲಿಗೆಯನ್ನು ಎಳೆಯದೆ ಜಾರಿಹೋಗುವುದು ಸ್ಪಷ್ಟವಾಗಿ ಕಂಡಿತು. ನಮ್ಮ ಒಣ ಸೆಕೆಯಲ್ಲಿ ಬೆವರು ಮೂಡುತ್ತಲೇ ಆರುತ್ತದೆ, ಹಿಡಿತಕ್ಕೆಂದು ಪಿಚರ್‌ಗಳು ಹಚ್ಚಿಕೊಳ್ಳುವ ರಾಳದ ಪುಡಿ ತೇವವಿಲ್ಲದ ಬೆರಳಿಗೆ ಹಿಡಿಯುವುದಿಲ್ಲ, ಒಣಗಿದ ಚರ್ಮವಂತೂ ಗಾಜಿನಂತೆ ಜಾರುತ್ತದೆ. ಇದೇ ಹುಡುಗರನ್ನು ಬೀದರ್‌ಗೂ ಕರೆದೊಯ್ದು ನೋಡಿದೆ. ಅಲ್ಲಿ ಎತ್ತರ ಹೆಚ್ಚಿದ್ದು ಗಾಳಿ ತೆಳುವಾಗುತ್ತದೆ, ಸೆಕೆ ತುಸು ಕಡಿಮೆಯಿದ್ದು ದಟ್ಟವಾಗುತ್ತದೆ, ಒಂದಕ್ಕೊಂದು ವಜಾ ಆಗಿ ಕರ್ವ್‌ನಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಅಮೆರಿಕದ ಡೆನ್ವರ್‌ನ ಕೂರ್ಸ್ ಫೀಲ್ಡ್ ಮೈದಾನದಲ್ಲಿ 2002ರಿಂದ ಚೆಂಡುಗಳನ್ನು ಒಣಗದಂತೆ ತೇವಾಂಶ ನಿಯಂತ್ರಿಸಿದ ಕೋಣೆಯಲ್ಲಿಡುತ್ತಾರೆ, 2022ರಿಂದ ಅಲ್ಲಿನ ಅತ್ಯುನ್ನತ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನ 30 ಮೈದಾನಗಳಲ್ಲೂ ಅದೇ ವ್ಯವಸ್ಥೆ ಇದೆ. ನಮಗೆ ಕೋಣೆ ಕಟ್ಟಿಸುವ ಶಕ್ತಿಯಿಲ್ಲ. ಮೊದಲು ಒದ್ದೆ ಬಟ್ಟೆ ಸುತ್ತಿಟ್ಟಾಗ ಹೊಲಿಗೆ ಉಬ್ಬಿತು, ಆರಿದ ಮೇಲೆ ಚರ್ಮ ಬಿರುಸಾಯಿತು. ಮಣ್ಣಿನ ಗಡಿಗೆಯಲ್ಲಿ ಬೂಷ್ಟು ಹಿಡಿಯಿತು. ಅಡುಗೆ ಉಪ್ಪನ್ನು ನೀರಿನಲ್ಲಿ ಕಲಸಿ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಒಳಗಿನ ಗಾಳಿಯ ತೇವಾಂಶ ಶೇ 75ರಲ್ಲಿ ನಿಲ್ಲುತ್ತದೆ, ಅದು ಹೆಚ್ಚಾಯಿತು. ಚೆಂಡುಗಳು ಭಾರವಾಗಿ ಮೆತ್ತಗಾದವು. ಒಂದಕ್ಕೆ ನಾನೂರರ ಆಸುಪಾಸು ಬೆಲೆಯ ಎರಡು ಡಜನ್ ಚೆಂಡುಗಳು ಹೀಗೆ ಹಾಳಾದವು, ಹಣವೆಲ್ಲ ನನ್ನ ಸಂಬಳದ್ದೇ.

ಪರಿಹಾರ ಸಿಕ್ಕಿದ್ದು ತೊಗರಿ ಬೆಳೆಗಾರರು ಹೋಗುವ ಗೊಬ್ಬರದ ಅಂಗಡಿಯಲ್ಲಿ. ಅಲ್ಲಿ ಮಾರುವ ಮೆಗ್ನೀಸಿಯಂ ನೈಟ್ರೇಟನ್ನು ಹರಳು ಪೂರ್ತಿ ಕರಗದಷ್ಟೇ ನೀರಿನಲ್ಲಿ ಕಲಸಿ ಮುಚ್ಚಿಟ್ಟರೆ ತೇವಾಂಶ ಶೇ 50ರ ಸುತ್ತ ನಿಲ್ಲುತ್ತದೆ. ಥರ್ಮಾಕೋಲ್ ಪೆಟ್ಟಿಗೆ, ಅಗಲ ಬಾಯಿಯ ಬಟ್ಟಲು, ಚೆಂಡಿಗೆ ತಂತಿಯ ಜಾಲರಿ, ಒಂದು ತೇವಾಂಶ ಮಾಪಕ ಎಲ್ಲ ಸೇರಿ ಎಂಟುನೂರು ರೂಪಾಯಿ ದಾಟಲಿಲ್ಲ. ಎರಡು ವಾರ ಇಟ್ಟ ಚೆಂಡು ಅಕ್ಕಸಾಲಿಗರ ತಕ್ಕಡಿಯಲ್ಲಿ ಎರಡು ಗ್ರಾಂನಷ್ಟು ಹೆಚ್ಚು ತೂಗಿತು, ನಿಯಮದ ಮಿತಿಯೊಳಗೇ ಇತ್ತು. ಉಗುರಿನಿಂದ ಒತ್ತಿದರೆ ಚರ್ಮ ತುಸು ತಗ್ಗಿ ಮೇಲೇಳುತ್ತದೆ. ಆ ಹದ ಬಂದ ಚೆಂಡಿನಲ್ಲಿ ಕಳೆದುಹೋಗಿದ್ದ ತಿರುವಿನ ಬಹುಪಾಲು ಮರಳಿತು. ಈ ಫಲವನ್ನು ಸುತ್ತಲಿನ ಜಿಲ್ಲೆಗಳಲ್ಲಿ ನನಗಿಂತ ಮೊದಲು ಪಡೆದವರನ್ನು ನಾನು ಕಂಡಿಲ್ಲ.

ಪೆಟ್ಟಿಗೆಯಿಂದ ತೆಗೆದ ಚೆಂಡು ಮೈದಾನದಲ್ಲಿ ಬೇಗ ಒಣಗದಂತೆ ಒಯ್ಯುವ ಕ್ರಮವನ್ನು ಇಲ್ಲಿ ಬರೆಯುವುದಿಲ್ಲ. ಜಿಲ್ಲಾ ಪಂದ್ಯಗಳು ಮುಗಿಯುವವರೆಗೆ ಅದು ನಮ್ಮ ತಂಡದ್ದೇ ಆಗಿರಲಿ. ಮಳೆಗಾಲದಲ್ಲಿ ಇದೇ ಪೆಟ್ಟಿಗೆ ಹೆಚ್ಚಿನ ತೇವವನ್ನು ಹೀರಿಕೊಳ್ಳುತ್ತದೆ, ಆಗ ಕಲಸಿದ್ದು ನೀರಾಗುವುದರಿಂದ ವಾರಕ್ಕೊಮ್ಮೆ ಹರಳು ಸೇರಿಸಬೇಕು.