ಒಂಟೆ ಜೇಡದ ಕುಲ ಗುರುತಿಸಿ ನಕ್ಷೆಗೆ ಹಾಕಿದ್ದು: ನನ್ನ ಅನುಭವ

ಒಂಟೆ ಜೇಡ (ಜೇಡವನ್ನು ಹೋಲುವ, ಆದರೆ ನಿಜವಾದ ಜೇಡವಲ್ಲದ ಜೀವಿ) ಕೈಗೆ ಬಂದರೆ ನಾನು ಮೊದಲು ಕಾಲಿನ ಉಗುರು ನೋಡುತ್ತೇನೆ. ಉಗುರಿನ ಮೇಲೆ ಸಣ್ಣ ಕೂದಲಿದ್ದರೆ ಅದು ಗ್ಯಾಲಿಯೋಡಿಡೇ ಕುಟುಂಬದ್ದು. ಇದೇ ಕುಟುಂಬದ ಗ್ಯಾಲಿಯೋಡಿಸ್ ಕುಲ (ಹತ್ತಿರದ ಪ್ರಭೇದಗಳ ಗುಂಪು) ಎಲ್ಲೆಲ್ಲಿ ಸಿಕ್ಕಿದೆ ಅಂತ ಬೆಂಗಳೂರಿನ ನನ್ನ ಮನೆಯಲ್ಲೇ ಕೂತು ನಕ್ಷೆ ಮಾಡುತ್ತಿದ್ದೇನೆ. 1791ರಲ್ಲಿ ಫ್ರೆಂಚ್ ಜೀವವಿಜ್ಞಾನಿ ಒಲಿವಿಯೇ ಹೆಸರಿಟ್ಟ ಕುಲ ಇದು. ಉತ್ತರ ಆಫ್ರಿಕಾದಿಂದ ಮಧ್ಯ ಏಷ್ಯಾ, ಭಾರತದವರೆಗೆ, ಹೆಚ್ಚಾಗಿ ಒಣ ನೆಲದಲ್ಲಿ ಹರಡಿದೆ.

ಬಳ್ಳಾರಿ ಕಡೆಯ ಗೆಳೆಯರೊಬ್ಬರು ನೀರಿನ ತೊಟ್ಟಿಯಲ್ಲಿ ಸತ್ತು ಬಿದ್ದಿದ್ದ ಒಂದನ್ನು ಸ್ಪಿರಿಟ್‌ನಲ್ಲಿ ಹಾಕಿ ತಂದುಕೊಟ್ಟರು. ತಟ್ಟೆಯ ತಳಕ್ಕೆ ನಯವಾದ ಮರಳು ಹರಡಿ, ಮೇಲೆ ಸ್ಪಿರಿಟ್ ತುಂಬಿ, ಜೇಡವನ್ನು ಅದರಲ್ಲಿ ಮುಳುಗಿಸಿದೆ. ಮರಳಲ್ಲಿ ಒತ್ತಿದರೆ ಬೇಕಾದ ಕಡೆಗೆ ತಿರುಗಿ ನಿಲ್ಲುತ್ತದೆ, ಬೆಳಕೂ ಕಣ್ಣಿಗೆ ಹೊಡೆಯುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಪಾದದ ತುಂಡು ಎಣಿಸಿದೆ: ಎರಡನೇ, ಮೂರನೇ ಕಾಲಲ್ಲಿ ಎರಡೆರಡು, ನಾಲ್ಕನೆಯದರಲ್ಲಿ ಮೂರು. ಗ್ಯಾಲಿಯೋಡಿಸ್‌ನ ಲೆಕ್ಕ ಇದೇ. ನಾಲ್ಕನೇ ಕಾಲಿನ ಬುಡದಲ್ಲಿ ರ‍್ಯಾಕೆಟ್ ಆಕಾರದ ಐದು ಅಂಗಗಳೂ ಇದ್ದವು. ಪೂರ್ತಿ ಐದಿಲ್ಲದಿದ್ದರೆ ಅದಿನ್ನೂ ಮರಿ.

ಕುಲದವರೆಗೆ ಬರುವುದು ಸುಲಭ. ಪ್ರಭೇದ ಹೇಳೋದು ಕಷ್ಟ. ಅದಕ್ಕೆ ಬೆಳೆದ ಗಂಡು ಬೇಕು. ಅದರ ಮೇಲ್ದವಡೆಯ ಒಳಬದಿಯಲ್ಲಿ ಫ್ಲಜೆಲಮ್ ಅನ್ನುವ ಪುಟ್ಟ ಅಂಗ ಇರುತ್ತದೆ, ಹೆಣ್ಣಿನಲ್ಲಿ ಇರುವುದಿಲ್ಲ. 1930ರ ದಶಕದಲ್ಲಿ ಜರ್ಮನ್ ಪ್ರಾಣಿವಿಜ್ಞಾನಿ ರೋವರ್ ಒಂಟೆ ಜೇಡಗಳ ಇಡೀ ಗುಂಪನ್ನೇ ವಿಂಗಡಿಸಿದರು. ಅಗಾಧ ಕೆಲಸ ಅದು. ಆದರೆ ಅವರು ದವಡೆಯ ಹಲ್ಲು, ಕಾಲಿನ ಮುಳ್ಳುಗಳನ್ನು ಜಾಸ್ತಿ ನಂಬಿದರು. ಹಲ್ಲು ಮಣ್ಣು ಅಗೆದು ಅಗೆದು ಸವೆಯುತ್ತದೆ, ಮುಳ್ಳಿನ ಸಂಖ್ಯೆ ಒಂದೇ ಪ್ರಭೇದದಲ್ಲೂ ಬದಲಾಗುತ್ತದೆ. ಹಾಗಾಗಿ ಹೆಣ್ಣನ್ನೋ ಮರಿಯನ್ನೋ ಮಾತ್ರ ನೋಡಿ ಇಟ್ಟ ಹಳೆಯ ಹೆಸರುಗಳನ್ನು ನಾನು ಸುಮ್ನೆ ಒಪ್ಪಿಕೊಳ್ಳುವುದಿಲ್ಲ.

ನಕ್ಷೆಯಲ್ಲೂ ಅದೇ ನಿಯಮ. ಗಂಡಿನ ಮಾದರಿ ಇದ್ದ ಊರಿಗೆ ತುಂಬಿದ ಚುಕ್ಕೆ, ಹೆಣ್ಣು ಅಥವಾ ಮರಿ ಮಾತ್ರ ಇದ್ದರೆ ಖಾಲಿ ವೃತ್ತ. ಬರೀ ಫೋಟೋ ಇದ್ದರೆ ಕುಟುಂಬದ ಹೆಸರು ಬರೆದು ನಿಲ್ಲಿಸುತ್ತೇನೆ. ಬ್ರಿಟಿಷ್ ಪ್ರಾಣಿವಿಜ್ಞಾನಿ ಪೋಕಾಕ್ 1900ರಲ್ಲಿ ವಿವರಿಸಿದ ಗ್ಯಾಲಿಯೋಡಿಸ್ ಇಂಡಿಕಸ್ ಪ್ರಭೇದದ ಹೆಸರನ್ನು ಭಾರತದ ಪ್ರತಿ ಫೋಟೋಗೂ ಅಂಟಿಸಿದರೆ, ಆ ಪ್ರಭೇದ ನಿಜಕ್ಕೂ ಎಲ್ಲಿದೆ ಅನ್ನೋದೇ ಅಳಿಸಿಹೋಗುತ್ತದೆ ಅಲ್ವಾ?

ನಿಮಗೂ ಸಿಕ್ಕರೆ ಕೊಲ್ಲಬೇಡಿ, ಒಂಟೆ ಜೇಡ ಮನುಷ್ಯರಿಗೆ ವಿಷಕಾರಿ ಅನ್ನೋದಕ್ಕೆ ದೃಢವಾದ ಪುರಾವೆ ಇಲ್ಲ. ಗಾಜಿನ ಲೋಟ ಕವುಚಿ, ಉಗುರು ಮತ್ತು ನಾಲ್ಕನೇ ಕಾಲು ಕಾಣುವ ಹಾಗೆ ಫೋಟೋ ತೆಗೆದು ಬಿಟ್ಟುಬಿಡಿ. ಊರು, ತಾರೀಕು ಬರೆದಿಡಿ.